ಪಂಕ್ತಿಗೆ ಬಾರದವರ ತೀರ್ಪು

ಏಸುವಿನ ಹೆಸರು ಹೇಳಿಕೊಂಡು ನಮ್ಮ ಕೇರಿಗಳಿಗೆ ಬರುವ ಕೆಲವರಿಗೆ ಪ್ರೀತಿಗಿಂತ ತೀರ್ಪೇ ಸಲೀಸು. ಅವನು ಕುಡೀತಾನೆ. ಇವಳು ಗಂಡನ್ನ ಬಿಟ್ಟವಳು. ಆ ಮನೆಯವರು ಭಾನುವಾರ ಪ್ರಾರ್ಥನೆಗೆ ಬಂದು ಮಂಗಳವಾರ ಮಾರಮ್ಮನಿಗೆ ತಂಬಿಟ್ಟು ಒಯ್ತಾರೆ. ಇನ್ನೊಬ್ಬ ಜ್ಞಾನಸ್ನಾನ ಆದಮೇಲೂ ಶಾಲೆಯ ದಾಖಲೆಯಲ್ಲಿ ಹಿಂದೂ ಅಂತಲೇ ಬರೆಸಿದ್ದಾನೆ. ಪಟ್ಟಿ ದಿನದಿನಕ್ಕೂ ಬೆಳೆಯುತ್ತೆ. ಇಷ್ಟುದ್ದದ ಪಟ್ಟಿಯಲ್ಲಿ ಒಂದು ಪಾಪ ಮಾತ್ರ ಕಾಣೋದಿಲ್ಲ. ಅದರ ಹೆಸರು ಜಾತಿ.

ನಾವು ದಲಿತರು. ನಮ್ಮಲ್ಲಿ ಶಿಲುಬೆ ಕಟ್ಟಿಕೊಂಡವರಿದ್ದಾರೆ, 1956ರ ನಾಗಪುರದ ದಾರಿ ಹಿಡಿದವರಿದ್ದಾರೆ, ಯಾವ ದೇವರ ಗೊಡವೆಯೂ ಬೇಡ ಅಂದವರೂ ಇದ್ದಾರೆ. ಏಸುವಿನ ಬಗ್ಗೆ ಮಾತಾಡೋಕೆ ನಿಮಗೇನು ಹಕ್ಕು ಅಂತ ಯಾರಾದರೂ ಕೇಳಿದರೆ ಸಮಾರ್ಯದ ಬಾವಿಯನ್ನು ತೋರಿಸುತ್ತೇವೆ. ಬಾವಿ ಅಂದರೇನು ಅಂತ ನಮಗೆ ಯಾವ ಪಾದ್ರಿಯೂ ವ್ಯಾಖ್ಯಾನ ಹೇಳಬೇಕಾಗಿಲ್ಲ. 1927ರಲ್ಲಿ ಮಹಾಡದ ಕೆರೆಯಲ್ಲಿ ಒಂದು ಬೊಗಸೆ ನೀರು ಕುಡಿದದ್ದಕ್ಕೆ ಏಟು ತಿಂದ ಜನ ನಾವು.

ಆ ಕಥೆ ನೋಡಿ. ಯೆಹೂದ್ಯರು ಸಮಾರ್ಯದವರ ಜೊತೆ ಹೊಕ್ಕುಬಳಕೆ ಇಟ್ಟುಕೊಳ್ಳದ ಕಾಲ. ನಡುಮಧ್ಯಾಹ್ನ ಒಬ್ಬಳೇ ನೀರಿಗೆ ಬಂದ ಹೆಂಗಸು. ಐದು ಗಂಡಂದಿರನ್ನು ಕಂಡವಳು, ಈಗ ಜೊತೆಗಿರೋನು ಗಂಡನಲ್ಲ. ಏಸು ಅವಳನ್ನು ಮೊದಲು ಕೇಳಿದ್ದು ನೀರು. ಅವಳ ಕೈಯ ನೀರು, ಅವಳ ಕೊಡದ ನೀರು. ಅವಳ ಬದುಕಿನ ಮಾತು ಆಮೇಲೆ ಬಂತು. ಬಂದಾಗಲೂ ಸುಳ್ಳು ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಅಂದ. ಆದರೆ ಛೀ ಅನ್ನಲಿಲ್ಲ. ಅವಳು ಕೊಡ ಅಲ್ಲೇ ಬಿಟ್ಟು ಊರಿಗೆ ಓಡಿ ಸುದ್ದಿ ಹೇಳಿದಳು. ಇವತ್ತು ಅಂಥವಳೊಬ್ಬಳು ಸಭೆಗೆ ಬಂದರೆ ಮೊದಲು ಕೇಳೋದು ಏನನ್ನ? ನೀರನ್ನೋ, ಲೆಕ್ಕವನ್ನೋ?

ಇನ್ನೊಂದು ಕಥೆಯನ್ನು ಪೀಠದ ಮೇಲಿಂದ ಅಷ್ಟಾಗಿ ಹೇಳೋದಿಲ್ಲ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಮಡಿವಂತರು ಬಂದರು ನೋಡಿ, ಮೆಲ್ಲಗೆ ಪಂಕ್ತಿ ಬಿಟ್ಟೆದ್ದ. ಪೌಲ ಎಲ್ಲರೆದುರಿಗೇ ಅವನನ್ನು ತಡವಿಕೊಂಡ. ಇದನ್ನು ಪೌಲನೇ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಹುಟ್ಟಿ ಇಪ್ಪತ್ತು ವರ್ಷ ತುಂಬುವ ಹೊತ್ತಿಗೇ ಆ ಸಭೆ ಪಂಕ್ತಿಭೇದದ ಮೇಲೆ ಜಗಳ ಆಡಿತ್ತು. ಯಾರ ಜೊತೆ ಉಣ್ಣುತ್ತೀಯ ಅನ್ನೋದೇ ಅಲ್ಲಿ ವಿಶ್ವಾಸದ ಪರೀಕ್ಷೆ.

ಅದೇ ಸಭೆ ನಮ್ಮ ನಾಡಿಗೆ ಬಂದಾಗ ಏನಾಯಿತು? 1606ರಲ್ಲಿ ಮಧುರೆಗೆ ಬಂದ ರಾಬರ್ಟ್ ಡಿ ನೊಬಿಲಿ ಬ್ರಾಹ್ಮಣ ಸನ್ಯಾಸಿಯ ವೇಷ ತೊಟ್ಟು, ಕೆಳಜಾತಿಯ ಕ್ರೈಸ್ತರಿಂದ ದೂರ ನಿಂತ. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ 1872ರಲ್ಲಿ ಎರಡು ಕಾಲಿನ ಚರ್ಚು ಕಟ್ಟಿದರು. ಒಂದು ಕಾಲಲ್ಲಿ ವೆಳ್ಳಾಳರು, ಇನ್ನೊಂದರಲ್ಲಿ ನಾಡಾರರು, ನಡುವೆ ಗೋಡೆ, ಪೀಠದಲ್ಲಿ ಮಾತ್ರ ಒಂದೇ ಏಸು. ಗೋಡೆ ಬಿದ್ದದ್ದು 1910ರಲ್ಲಿ. ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲೇ ಸಭೆಯೊಳಗೆ ಜಾತಿ ಕೂಡದು ಅಂತ ಅಪ್ಪಣೆ ಹೊರಡಿಸಿದ್ದರು. ತಂಜಾವೂರಿನ ಮೇಲುಜಾತಿ ಕ್ರೈಸ್ತರು ಸಭೆ ಬಿಟ್ಟರೇ ಹೊರತು ಜಾತಿ ಬಿಡಲಿಲ್ಲ. ತಮಿಳು ಸೀಮೆಯ ಮಾತು ಅಂತ ನಾವು ನಗಬೇಕಾಗಿಲ್ಲ. ನಮ್ಮ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರಲ್ಲೂ ಬಾಮಣ್, ಚಾರಡಿ, ಸುದಿರ್ ಅನ್ನೋ ಹೆಸರುಗಳು ನೂರಾರು ವರ್ಷ ದಾಟಿ ಬಂದಿವೆ. ಕೊನೆಗೆ 2016ರಲ್ಲಿ ಕ್ಯಾಥೊಲಿಕ್ ಬಿಷಪ್ಪರ ಸಮ್ಮೇಳನವೇ ಒಂದು ದಲಿತ ನೀತಿ ಹೊರಡಿಸಿ, ಅಸ್ಪೃಶ್ಯತೆ ಸಭೆಯೊಳಗೇ ಇದೆ ಅಂತ ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ದೊಡ್ಡದೇ. ಆದರೆ ಕಾಗದದಿಂದ ಗೋಡೆ ಬೀಳೋದಿಲ್ಲ ಸ್ವಾಮಿ.

ಈಗ ಆ ಎರಡು ಹೆಸರಿನ ಮನುಷ್ಯನ ವಿಚಾರ. ಸಭೆಯ ಪುಸ್ತಕದಲ್ಲಿ ಒಂದು ಹೆಸರು, ತಾಲ್ಲೂಕು ಕಚೇರಿಯಲ್ಲಿ ಇನ್ನೊಂದು. ಇವನನ್ನು ಕಪಟಿ ಅಂತ ತೀರ್ಮಾನಿಸೋಕೆ ಮುಂಚೆ ಸೂಸೈ ಅನ್ನುವ ಚಮ್ಮಾರನ ಕಥೆ ಕೇಳಿ. ಮದರಾಸಿನ ರಸ್ತೆ ಬದಿಯಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದ ಆದಿದ್ರಾವಿಡ, ಕ್ರೈಸ್ತನಾಗಿದ್ದ. ರಸ್ತೆ ಬದಿಯ ಚಮ್ಮಾರರಿಗೆ ಸರಕಾರ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಟ್ಟಿತು. ಹಿಂದೂ ದಲಿತರಿಗೆ ಸಿಕ್ಕಿತು, ಇವನಿಗೆ ಸಿಗಲಿಲ್ಲ. ಅದೇ ಉಳಿ, ಅದೇ ಚರ್ಮ, ಅದೇ ಬಿಸಿಲು! ಸುಪ್ರೀಂ ಕೋರ್ಟು 1985ರಲ್ಲಿ ಅವನ ಅರ್ಜಿಯನ್ನು ತಳ್ಳಿಹಾಕಿತು. ಮತಾಂತರದ ನಂತರವೂ ಜಾತಿ ಉಳಿದಿದೆ ಅಂದರೆ ಸಾಲದು, ಅದರ ಹಿಂಸೆಯೂ ಅಷ್ಟೇ ಕಟುವಾಗಿ ಉಳಿದಿದೆ ಅಂತ ಸಾಬೀತು ಮಾಡಬೇಕು ಅಂದಿತು. ಇದರ ಬುಡದಲ್ಲಿರೋದು 1950ರ ರಾಷ್ಟ್ರಪತಿ ಆಜ್ಞೆಯ ಮೂರನೇ ಪ್ಯಾರಾ. ಅದಕ್ಕೆ 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಕ್ರೈಸ್ತ ದಲಿತನೂ ಮುಸ್ಲಿಂ ದಲಿತನೂ ಹೊಸ್ತಿಲಾಚೆಯೇ ನಿಂತರು.

ಹೀಗಿರುವಾಗ ಮಗಳ ಹಾಸ್ಟೆಲ್ ಸೀಟಿಗಾಗಿ ಒಬ್ಬ ತಂದೆ ಹಳೆಯ ಹೆಸರು ಬರೆಸಿದರೆ ಅವನ ವಿಶ್ವಾಸವನ್ನು ಅಳೆಯೋಕೆ ಯಾವ ತಕ್ಕಡಿ ಇದೆ ನಿಮ್ಮ ಹತ್ತಿರ? ಸರಕಾರ ಅವನನ್ನು ದಲಿತನಲ್ಲ ಅನ್ನುತ್ತೆ. ಸಭೆಯ ಮೇಲುಜಾತಿಯವರು ಅವನು ದಲಿತ ಅನ್ನೋದನ್ನು ಮರೆಯೋದೇ ಇಲ್ಲ. ಪಾದ್ರಿ ಅವನನ್ನು ಅರೆಮನಸ್ಸಿನವನು ಅನ್ನುತ್ತಾನೆ. ನಮ್ಮ ಚಳವಳಿಯ ಕೆಲವು ಗೆಳೆಯರೂ ಕಡಿಮೆಯಿಲ್ಲ: ಹಾಲಿನ ಪುಡಿಗೆ ಮತ ಮಾರಿಕೊಂಡವರು ಅಂತ ಆಡಿಕೊಳ್ತಾರೆ. ಹಸಿದವನು ಅನ್ನ ಕೊಟ್ಟವರ ಹತ್ತಿರ ಹೋದರೆ ಅದು ಯಾವ ಸೀಮೆಯ ಅಪರಾಧವಪ್ಪಾ?

ಇದನ್ನು ಓದಿ ಚಪ್ಪಾಳೆ ತಟ್ಟುವ ಇನ್ನೊಂದು ಗುಂಪಿದೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾ ಮಂದಿರಗಳಿಗೆ ನುಗ್ಗಿ ಒಡೆದವರ ಬಳಗ ಅದು. ಅವರಿಗೆ ನಮ್ಮ ಮಾತು ಆಯುಧವಾಗೋದಿಲ್ಲ. ಯಾಕೆಂದರೆ ಚರ್ಚಿನೊಳಗಿನ ಈ ಜಾತಿ ಅವರ ಮನೆಯಿಂದಲೇ ಹೋದ ಸಾಮಾನು.

ತೀರ್ಪು ಬೇಡ ಅಂದರೆ ಬಾಯಿ ಮುಚ್ಚಿಕೊಂಡು ಕೂರೋದು ಅಂತ ಕೆಲವರು ನಮಗೇ ಬುದ್ಧಿ ಹೇಳ್ತಾರೆ: ಜಾತಿಯ ಮಾತೆತ್ತಬೇಡಿ, ಪ್ರೀತಿ ಕೆಡುತ್ತೆ, ಕ್ಷಮಿಸಿಬಿಡಿ. ದೇವಾಲಯದಲ್ಲಿ ಚಿನಿವಾರರ ಮೇಜು ಕೆಡವಿದವನ ಶಿಷ್ಯರೇ ಹೀಗಂದರೆ ಹೇಗೆ? ಕುಡುಕನ ಮೇಲೆ, ಗಂಡ ಬಿಟ್ಟವಳ ಮೇಲೆ ಕಲ್ಲೆತ್ತೋದು ಬೇರೆ; ಅವರಿಬ್ಬರನ್ನೂ ಸಮಾಧಿಯಲ್ಲೂ ಬೇರೆ ಮಲಗಿಸುವ ಗೋಡೆಯನ್ನು ಗೋಡೆ ಅಂತ ಕೂಗಿ ಹೇಳೋದು ಬೇರೆ. ಮೊದಲನೆಯದನ್ನು ಏಸು ತಡೆದ. ಎರಡನೆಯದನ್ನು ತಾನೇ ಮಾಡಿದ.

ಆದ್ದರಿಂದ ನಾವು ಕೇಳೋದು ಇಷ್ಟು. ಹೆಣ್ಣು ಕೊಡುವಾಗ, ತರುವಾಗ ಜಾತಿ ಕೇಳೋದನ್ನು ಬಿಡಿ. ಹೂಳುವ ಜಾಗ ಒಂದೇ ಆಗಲಿ. ಇವತ್ತು ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ, ನೀವು ಯಾರನ್ನು ಕುಡುಕ ಅಂದಿರೋ ಅವನ ಮನೆಗೆ ಹೋಗಿ, ಅವನ ಹೆಂಡತಿ ಬಡಿಸಿದ್ದನ್ನು ಅದೇ ತಟ್ಟೆಯಲ್ಲಿ ಉಂಡು ಬನ್ನಿ. ಬೋಧನೆ ಆಮೇಲೆ ನೋಡೋಣ.