ಸಂತೆಯಲ್ಲಿ ನಿದ್ದೆ ಬರುವುದು ಯಾರಿಗೆ?

ಬೆಂಗಳೂರಿನ ಪೂರ್ವ ಭಾಗದಲ್ಲಿ, ಇಂದಿರಾನಗರದ ಆಚೆ, ವಿಮಾನ ಕಾರ್ಖಾನೆಯ ಸಮೀಪ ಜೀವನ್ ಬಿಮಾ ನಗರವೆಂಬ ಬಡಾವಣೆ ಇದೆ. ದೇವರ ಹೆಸರಿನ ಊರುಗಳನ್ನು, ದೊರೆಗಳ ಹೆಸರಿನ ಪೇಟೆಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಈ ಬಡಾವಣೆಗೆ ವಿಮೆಯ ಹೆಸರು. ಜೀವ ವಿಮಾ ನಿಗಮದವರ ವಸತಿಗಳಿಂದ ಬಂದದ್ದು. ನಾಳೆ ನಮಗೇನಾದರೂ ಆದರೆ ಹೆಂಡಿರು ಮಕ್ಕಳ ಗತಿಯೇನು ಎಂಬ ಚಿಂತೆಗೆ ಮದ್ದಾಗಿ ಹುಟ್ಟಿದ ಸಂಸ್ಥೆಯ ಹೆಸರನ್ನು ಹೊತ್ತ ಊರಿನಲ್ಲಾದರೂ ಜನ ನೆಮ್ಮದಿಯಾಗಿ ಮಲಗುತ್ತಾರೆಯೇ?

ಈಚೆಗೆ ನಾವು ಅಲ್ಲಿ ಒಂದು ರಾತ್ರಿ ತಂಗಬೇಕಾಗಿ ಬಂತು. ಹಿಂದೆ ಶಾಲೆಯಲ್ಲಿ ನಮ್ಮ ಕೈಕೆಳಗೆ ಓದಿದ ಹುಡುಗನೊಬ್ಬ ಅಲ್ಲಿ ಸಣ್ಣ ದಿನಸಿ ಅಂಗಡಿ ಇಟ್ಟಿದ್ದಾನೆ. ರಾತ್ರಿ ಎರಡು ಗಂಟೆಗೆ ನಮಗೆ ಎಚ್ಚರವಾದಾಗ ಆತ ದೀಪದ ಕೆಳಗೆ ಮೊಬೈಲ್ ಹಿಡಿದು ಕುಳಿತಿದ್ದ. ತಿಂಗಳುಗಳಿಂದ ಹೀಗೆಯೇ ಅಂತೆ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದ್ದನ್ನು ಓದುಗರು ಮರೆತಿರಲಾರರು. ಎಷ್ಟೋ ಮಂದಿ ಕ್ಯೂಆರ್ ಹಲಗೆಯನ್ನೇ ಕಿತ್ತು, ನಗದು ಮಾತ್ರ ಎಂದು ಬರೆದು ತೂಗುಹಾಕಿದರು. ನಮ್ಮ ಹುಡುಗನೂ ಕಿತ್ತಿದ್ದ. ಆದರೆ ಅವನಿಗೆ ನೋಟೀಸು ಬಂದೇ ಇಲ್ಲ! ಬಂದರೆ ಎಂಬ ಒಂದು ಮಾತು ಅವನ ನಿದ್ದೆಯನ್ನು ನುಂಗಿಬಿಟ್ಟಿತ್ತು. ದಂಡ ಎಷ್ಟಾದೀತು, ಅಂಗಡಿ ಹೋದೀತೇ, ಊರಿಗೆ ಹಿಂತಿರುಗಿದರೆ ಜನ ಏನೆಂದಾರು. ಅಷ್ಟು ದೂರ ಹೋಗಿ ಮತ್ತೆ ಮೊದಲಿಗೇ ಬರುತ್ತಿದ್ದ.

"ವರ್ಷದ ವ್ಯಾಪಾರ ಎಷ್ಟಪ್ಪಾ?" ಎಂದೆವು. ಅವನಿಗೆ ಗೊತ್ತಿರಲಿಲ್ಲ. ಇಷ್ಟು ತಿಂಗಳು ಯೋಚಿಸಿದವನು ಒಮ್ಮೆಯೂ ಕೂಡಿ ನೋಡಿರಲಿಲ್ಲ. ಆ ಅವೇಳೆಯಲ್ಲೇ ಕಾಗದ ತರಿಸಿದೆವು. ದಿನಕ್ಕೆ ಸರಾಸರಿ ಒಂಬತ್ತು ಸಾವಿರ; ಒಂದು ದಿನವೂ ಬಾಗಿಲು ಹಾಕದಿದ್ದರೂ ವರ್ಷಕ್ಕೆ 32 ಲಕ್ಷದ 85 ಸಾವಿರ. ಸರಕು ಮಾರುವವನು ಜಿಎಸ್‌ಟಿ ನೋಂದಣಿ ಮಾಡಿಸಬೇಕಾದದ್ದು 40 ಲಕ್ಷ ದಾಟಿದಾಗ. ಆತ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದ.

ಇಲ್ಲಿಗೆ ಕಥೆ ಮುಗಿಯಿತೆಂದರೆ ಸುಳ್ಳಾದೀತು. ವಾರದ ಮೇಲೆ ಫೋನು ಮಾಡಿದ. ತೆರಿಗೆಯ ಚಿಂತೆ ಎದ್ದುಹೋದ ಜಾಗದಲ್ಲಿ ಮಗುವಿನ ಶಾಲೆಯ ಫೀಜು ಬಂದು ಕುಳಿತಿದೆಯಂತೆ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಉಪದೇಶ ಮಾಡುವವರಿಗೆ ಬಲು ಪ್ರಿಯ. ಸಂತೆಗೆ ಸರಕು ಹೊತ್ತು ಬಂದವನು ನಿದ್ದೆ ಹೋದರೆ ಅವನ ಮೂಟೆ ಉಳಿದೀತೇ? ಬಾಕಿಯ ಬಡ್ಡಿ ನಿಜ, ಕೆಲಸ ಹೋಗುವ ಭಯ ನಿಜ. ಇವನ್ನೆಲ್ಲ ಮನಸ್ಸಿನ ಭ್ರಮೆಯೆಂದು ಸಾರಿ ಶಿಬಿರಕ್ಕೆ ಶುಲ್ಕ ಎತ್ತುವವರ ಮಾತು ನಮಗೆ ಸೇರದು. ಹಾಗೆಂದು ಸಂಬಳ, ಪಿಂಚಣಿ ಭದ್ರವಾದೊಡನೆ ಮನಸ್ಸು ತಾನೇ ತಣ್ಣಗಾಗುತ್ತದೆಂಬ ನಮ್ಮ ಕೆಲವು ಗೆಳೆಯರ ವಾದವನ್ನೂ ಒಪ್ಪಲಾರೆವು. ಪಿಂಚಣಿ ಬರುವ ಮನೆಗಳಲ್ಲೂ ನಡುರಾತ್ರಿ ದೀಪ ಉರಿಯುವುದುಂಟು.

ಗಿರಣಿಯ ಸೋದರರಿಗೆ ಇದು ಬೇಗ ತಿಳಿದೀತು. ಲಾಳಿಯಲ್ಲಿ ನೂಲು ಮುಗಿದ ಮೇಲೂ ಮಗ್ಗ ಓಡಿದರೆ ಸದ್ದು ಅಷ್ಟೇ, ವಿದ್ಯುತ್ತಿನ ಖರ್ಚೂ ಅಷ್ಟೇ. ಬಟ್ಟೆ ಮಾತ್ರ ಒಂದಂಗುಲ ಬೆಳೆಯುವುದಿಲ್ಲ. ನಾಳೆ ಯಾರನ್ನು ಕಾಣಬೇಕು, ಎಷ್ಟು ಕೇಳಬೇಕು ಎಂಬುದು ಯೋಚನೆ. ಅದರಿಂದ ಬಟ್ಟೆ ಬೆಳೆಯುತ್ತದೆ. ಚಿಂತೆ ನೂಲಿಲ್ಲದ ಲಾಳಿ. ಅದರೊಳಗೆ ಸಿಕ್ಕಿದವನಿಗೆ ತಾನು ಬಹಳ ಜವಾಬ್ದಾರಿಯಿಂದ ಯೋಚಿಸುತ್ತಿದ್ದೇನೆಂದೇ ಅನ್ನಿಸುತ್ತದೆ. ಮೋಸವಿರುವುದು ಅಲ್ಲಿಯೇ.

ಯೋಚಿಸಬೇಡ ಎಂದರೆ ನಿಲ್ಲುವುದೇ? ಕೋತಿಯನ್ನು ನೆನೆಯದೆ ಮದ್ದು ಕುಡಿ ಎಂದ ವೈದ್ಯನ ಕಥೆ ಎಲ್ಲರಿಗೂ ಗೊತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಬೇರೆ ದಾರಿ ಹಿಡಿದು ನೋಡಿದರು: ಚಿಂತೆಗೆಂದೇ ದಿನವೂ ಒಂದೇ ಹೊತ್ತು, ಒಂದೇ ಜಾಗ, ಅರ್ಧ ಗಂಟೆ. ಬೇರೆ ವೇಳೆಯಲ್ಲಿ ಬಂದರೆ "ಸಂಜೆಗೆ ಬಾ" ಎಂದು ಸಾಗಹಾಕುವುದು. ಉದ್ದರಿ ಕೇಳಲು ಬಂದವನಿಗೆ ನಮ್ಮ ವ್ಯಾಪಾರಿಗಳು ಹೇಳುವ ಮಾತೇ! ಅಂಗಡಿ ಮುಚ್ಚಿದ ಮೇಲೆ, ಪಾಳಿ ಮುಗಿಸಿ ಬಂದ ಮೇಲೆ, ಪೆನ್ಸಿಲು ಹಿಡಿದು ಕುಳಿತುಕೊಳ್ಳಿ. ಹಾಸಿಗೆಯ ಮೇಲೆ ಮಾತ್ರ ಕೂಡದು. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 57 ಮಂದಿ ತರುಣ ತರುಣಿಯರು ಮಲಗುವ ಮುನ್ನ ಐದು ನಿಮಿಷ ಬರೆದರು. ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರು, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹೋದರು. ಒಂಬತ್ತು ನಿಮಿಷ ಏನು ಮಹಾ ಎನ್ನುವವರು ಬೆಳಗಿನ ಪಾಳಿಯವನನ್ನು ಕೇಳಿ ನೋಡಲಿ.

ಆದರೆ ಒಬ್ಬನ ಕಾಗದಕ್ಕೆ ಬಗ್ಗದ ಚಿಂತೆಗಳೂ ಇವೆ. ಒಬ್ಬ ಮನುಷ್ಯ ಯಾವ ದಿನ ಸತ್ತಾನೆಂದು ಯಾರೂ ಹೇಳಲಾರರು. ಲಕ್ಷ ಮಂದಿಯಲ್ಲಿ ವರ್ಷಕ್ಕೆ ಎಷ್ಟು ಮಂದಿ ಎಂಬುದನ್ನು ಹೆಚ್ಚುಕಡಿಮೆ ಹೇಳಬಹುದು. ಜೀವ ವಿಮೆ ನಿಂತಿರುವುದು ಇದರ ಮೇಲೆ. ಒಬ್ಬನ ತಲೆಯಲ್ಲಿ ಭೂತವಾಗಿ ಕುಣಿಯುವುದು ಲಕ್ಷ ಜನರ ನಡುವೆ ಕಟ್ಟಬಹುದಾದ ಕಂತಾಗುತ್ತದೆ. 245 ಖಾಸಗಿ ವಿಮಾ ಸಂಸ್ಥೆಗಳನ್ನು ರಾಷ್ಟ್ರೀಕರಿಸಿ 1956ರ ಸೆಪ್ಟೆಂಬರ್ 1ರಂದು ನಿಗಮವನ್ನು ಸ್ಥಾಪಿಸಿದಾಗ ದೇಶ ಮಾಡಿದ್ದು ಈ ಕೆಲಸವನ್ನೇ. 1948ರ ಕಾಯಿದೆಯಿಂದ ಬಂದ ಇ.ಎಸ್.ಐ.ಯೂ ಹಾಗೆಯೇ: ಕಾಯಿಲೆ ಬಿದ್ದ ಕಾರ್ಮಿಕನಿಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ನೂರಕ್ಕೆ ಎಪ್ಪತ್ತು ಪಾಲು. ಇದು ಗೊತ್ತಿಲ್ಲದೆ ಜ್ವರದಲ್ಲೂ ಪಾಳಿಗೆ ಹೋದವರನ್ನು ನಾವು ಬಲ್ಲೆವು. ಆ ಜುಲೈಯ ವಿಚಾರದಲ್ಲೂ ಅಷ್ಟೆ. ಒಬ್ಬೊಬ್ಬರೇ ನೋಟೀಸು ಹಿಡಿದು ನಿಂತಾಗ ಕೈಗೆ ಸಿಕ್ಕಿದ್ದು ಹಲಗೆ ಕೀಳುವ ಉಪಾಯ. ಒಟ್ಟಾಗಿ ಬಂದ್ ಕರೆ ಕೊಟ್ಟ ಮೇಲೆ, 23ರಂದು ಮುಖ್ಯಮಂತ್ರಿಗಳೇ ವ್ಯಾಪಾರಿಗಳೊಡನೆ ಕುಳಿತರು. ತೆರಿಗೆ ವಿನಾಯಿತಿಯ ಸರಕು ಮಾರುವವರಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂಬ ಭರವಸೆ ಸಿಕ್ಕಿತು.

ಇಷ್ಟರಿಂದಲೂ ಹೋಗದೆ, ವಾರಗಟ್ಟಲೆ ನಿದ್ದೆಯಿಲ್ಲ, ಅನ್ನ ಸೇರದು, ಬದುಕೇ ಬೇಡ ಎನ್ನುವಂತಾದರೆ ಅದು ಕಾಯಿಲೆ. ಮಲೇರಿಯಾ ಬಂದರೆ ನಾಚುವುದುಂಟೇ? ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮನೋವ್ಯಾಧಿ ಕಂಡುಬಂತು. ಬಹುಪಾಲು ಜನ ವೈದ್ಯರನ್ನು ಕಂಡಿರಲೇ ಇಲ್ಲ. ಇದಕ್ಕಾಗಿ ಬೆಂಗಳೂರಿಗೇ ಓಡಬೇಕಾಗಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ನಡೆಸಿದ ಪ್ರಯೋಗ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ನಡುರಾತ್ರಿಯಾದರೆ 14416ಕ್ಕೆ ಫೋನು ಮಾಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆರೋಗ್ಯ ವಿಮೆ ಮಾಡಿಸಿರುವವರು ಇನ್ನೊಂದು ಮಾತು ತಿಳಿದಿರಲಿ: 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಯ ಚಿಕಿತ್ಸೆಗೂ ವಿಮಾ ಸಂಸ್ಥೆ ಅವಕಾಶ ಕಲ್ಪಿಸಬೇಕು.

ಜೀವನ್ ಬಿಮಾ ನಗರದ ನಮ್ಮ ಹುಡುಗ ಹಲಗೆಯನ್ನು ಮತ್ತೆ ತೂಗುಹಾಕಿದ್ದಾನಂತೆ. ಫೀಜಿನ ಲೆಕ್ಕವನ್ನು ರಾತ್ರಿ ಒಂಬತ್ತಕ್ಕೆ, ಅಕ್ಕಿ ಮೂಟೆಯ ಮೇಲೆ ಕುಳಿತು ಬರೆಯುತ್ತಾನೆ. ಎರಡು ಗಂಟೆಗೆ ಈಗಲೂ ಒಮ್ಮೊಮ್ಮೆ ಎಚ್ಚರವಾಗುತ್ತದೆ ಎಂದ.