ಪ್ರಶಸ್ತಿಯ ರಾತ್ರಿ: ಹಬ್ಬ ಯಾರದು, ಖರ್ಚು ಯಾರದು?

ನಮ್ಮ ಊರಿಗೆ ಹೊಸದೊಂದು ಭಾಗ್ಯ ಬರಲಿದೆಯಂತೆ. ಟೆಲಿವಿಷನ್ ಚಾನೆಲ್ಲೊಂದರ ಪ್ರಶಸ್ತಿ ಪ್ರದಾನದ ರಾತ್ರಿಯನ್ನು ಬೆಂಗಳೂರಿನಿಂದ ಇಲ್ಲಿಗೆ ಕರೆತರಬೇಕು, ಊರು ಅದಕ್ಕೆ ಆತಿಥ್ಯ ವಹಿಸಬೇಕು, ಮೈದಾನವನ್ನು ಬಿಟ್ಟುಕೊಡಬೇಕು, ಬೇಕಾದರೆ ಸಾರ್ವಜನಿಕ ಹಣದಿಂದಲೂ ಒಂದಿಷ್ಟು ನೆರವಾಗಬೇಕು ಎಂಬ ಮಾತು ಊರ ಗಣ್ಯರ ಬಾಯಲ್ಲಿ ಓಡಾಡುತ್ತಿದೆ. ಊರಿನ ಹೆಸರು ನಾಡಿನ ಮನೆಮನೆಯಲ್ಲೂ ಮೊಳಗುತ್ತದೆ, ಲಾಡ್ಜುಗಳು ತುಂಬುತ್ತವೆ, ಅಂಗಡಿಕಾರರಿಗೆ ವ್ಯಾಪಾರವಾಗುತ್ತದೆ ಎಂದು ಆಸೆ ಹುಟ್ಟಿಸುತ್ತಿದ್ದಾರೆ. ಈ ಮಾತು ಠರಾವಾಗಿ ಬರುವ ಮೊದಲೇ ದುಡಿಯುವ ಜನ ಇದರ ಒಳಹೊರಗನ್ನು ತಿಳಿದುಕೊಳ್ಳಬೇಕು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಕಲಾವಿದರ ಮೇಲೆ ನಮಗೆ ಹಗೆಯಿಲ್ಲ. ಎರಡನೆಯ ಪಾಳಿ ಮುಗಿಸಿ ಬಂದ ಗಿರಣಿ ಕಾರ್ಮಿಕ, ಒಲೆಯಿಂದ ಆಗಷ್ಟೇ ಎದ್ದ ಅವನ ಹೆಂಡತಿ, ಬಾಗಿಲು ಹಾಕಿ ಲೆಕ್ಕ ಬರೆದಿಟ್ಟ ಚಿಲ್ಲರೆ ವರ್ತಕ, ಇವರು ಅರ್ಧ ಗಂಟೆ ಧಾರಾವಾಹಿ ನೋಡಿದರೆ ಅದನ್ನು ಹೀಗಳೆಯುವ ಹಕ್ಕು ಯಾರಿಗೂ ಇಲ್ಲ. ಚೆನ್ನಾಗಿ ನಟಿಸಿದವರಿಗೆ, ಚೆನ್ನಾಗಿ ಬರೆದವರಿಗೆ ಮರ್ಯಾದೆ ಸಲ್ಲಲೇಬೇಕು. ನಮ್ಮ ಪ್ರಶ್ನೆ ಬೇರೆ. ಈ ರಾತ್ರಿ ನಿಜವಾಗಿ ಮರ್ಯಾದೆ ಮಾಡುವುದು ಯಾರಿಗೆ?

ಈ ಸಮಾರಂಭಗಳ ಹೆಸರುಗಳನ್ನೇ ನೋಡಿರಿ. ಝೀ ಕನ್ನಡದ್ದು ‘ಕುಟುಂಬ’. ಕಲರ್ಸ್ ಕನ್ನಡದ್ದು ‘ಅನುಬಂಧ’. ಹಿಂದಿಯಲ್ಲಿ ಸ್ಟಾರ್ ಚಾನೆಲ್ಲಿನದು ‘ಪರಿವಾರ’, ಝೀಯದು ‘ರಿಶ್ತೇ’. ಎಲ್ಲವೂ ನಂಟಸ್ತಿಕೆಯ ಮಾತೇ. ಪ್ರಶಸ್ತಿಗಳೂ ಹಾಗೆಯೇ: ಮೆಚ್ಚಿನ ಅತ್ತೆ, ಮೆಚ್ಚಿನ ಸೊಸೆ, ಮೆಚ್ಚಿನ ಜೋಡಿ. ಗಿರಣಿಯಲ್ಲಿ ದುಡಿದವರಿಗೆ ಈ ಭಾಷೆ ಹೊಸದಲ್ಲ. ‘ನಾವೆಲ್ಲ ಒಂದೇ ಮನೆಯವರು’ ಎಂದು ಮಾಲೀಕ ಭಾಷಣ ಮಾಡಿದರೆ ಬೋನಸ್ಸಿನ ಮಾತುಕತೆ ಹತ್ತಿರ ಬಂತೆಂದೇ ಅರ್ಥ. ದಾವಣಗೆರೆಯ ಹತ್ತಿ ಗಿರಣಿಗಳ ಕಾಲದಿಂದಲೂ ನಮ್ಮ ಜನ ಇದನ್ನು ಕೇಳಿಸಿಕೊಂಡು ಬಂದಿದ್ದಾರೆ. ಒಂದೇ ಮನೆಯವರೆಂದು ಕರೆದವರು ಬಾಗಿಲಿಗೆ ಬೀಗ ಹಾಕುವಾಗ ಮನೆಯವರನ್ನು ಕೇಳಲಿಲ್ಲ. ಬೋನಸ್ ಬಂದದ್ದು ನಂಟಸ್ತಿಕೆಯಿಂದಲ್ಲ. ಹೋರಾಟದಿಂದ ಮತ್ತು 1965ರ ಬೋನಸ್ ಕಾನೂನಿನಿಂದ.

ಹಾಗಾದರೆ ಈ ಕುಟುಂಬದ ಯಜಮಾನ ಯಾರು? ಉದಯ ಟಿ.ವಿ. ಚೆನ್ನೈನ ಸನ್ ಕಂಪೆನಿಯದು. ಝೀ ಮುಂಬಯಿಯದು. ಇನ್ನು ‘ಅನುಬಂಧ’ದ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಎಂಬ ಎರಡು ಚಾನೆಲ್ಲುಗಳು ಒಂದಕ್ಕೊಂದು ಪೈಪೋಟಿಗಿಳಿದಂತೆ ತೋರುತ್ತಿದ್ದವಲ್ಲ, 2024ರ ನವೆಂಬರಿನಲ್ಲಿ ರಿಲಯನ್ಸ್ ಮತ್ತು ಡಿಸ್ನಿ ಕಂಪೆನಿಗಳ ವಹಿವಾಟು ಒಂದಾದ ಮೇಲೆ ಅವೆರಡೂ ಒಂದೇ ಕೊಟ್ಟಿಗೆಯ ದನಗಳು. ಕನ್ನಡದ ಅತ್ತೆ ಸೊಸೆಯರ ಜಗಳದ ಲಾಭ ಎಲ್ಲಿಗೆ ಹೋಗಿ ಸೇರುತ್ತದೆಂಬುದನ್ನು ವಾಚಕರು ಗಮನಿಸಬೇಕು.

ಈ ಮನೆಯಲ್ಲಿ ದುಡಿಯುವವರು ಯಾರು? ಪರದೆಯ ಮೇಲೆ ಕಾಣುವ ಹತ್ತು ಮುಖಗಳ ಹಿಂದೆ ಕಾಣದ ಎಷ್ಟೋ ಕೈಗಳಿವೆ. ದೀಪ ಹೊರುವ ಲೈಟ್‌ಬಾಯ್, ಕ್ಯಾಮೆರಾ ಸಹಾಯಕ, ಮೇಕಪ್ ಮಾಡುವವರು, ಬಟ್ಟೆ ಇಸ್ತ್ರಿ ಮಾಡುವವರು, ಊಟ ಹಂಚುವ ಪ್ರೊಡಕ್ಷನ್ ಹುಡುಗ, ರಾತ್ರಿಯಿಡೀ ಕಂಪ್ಯೂಟರಿನ ಮುಂದೆ ಕೂತು ನಾಳೆಯ ಕಂತನ್ನು ಜೋಡಿಸುವ ಸಂಕಲನಕಾರ, ನಿತ್ಯ ಸಂಭಾಷಣೆ ಬರೆದುಕೊಡುವ ಬರಹಗಾರ. ವಾರಕ್ಕೆ ಐದಾರು ಕಂತು ಪ್ರಸಾರವಾಗಬೇಕು. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಚಿತ್ರೀಕರಣ ನಡೆಯುತ್ತದೆ. ಎಂಟು ಗಂಟೆಯ ದಿನಕ್ಕಾಗಿ ಜನ ಪ್ರಾಣ ಕೊಟ್ಟ 1886ರ ಚಿಕಾಗೋ ಸುದ್ದಿ ಆ ಮನೆಗಳಿಗೆ ಇನ್ನೂ ತಲುಪಿಲ್ಲ.

ವ್ಯವಸ್ಥೆಯ ಗುಟ್ಟು ಇಲ್ಲಿದೆ. ಚಾನೆಲ್ಲು ನಿರ್ಮಾಪಕನಿಗೆ ಕಂತಿಗೆ ಇಷ್ಟು ಎಂದು ಹಣ ಕೊಡುತ್ತದೆ. ಧಾರಾವಾಹಿಯ ಹಕ್ಕನ್ನು ತಾನು ಇಟ್ಟುಕೊಳ್ಳುತ್ತದೆ. ಕೆಲಸಗಾರನನ್ನು ಕರೆಸುವವನು ನಿರ್ಮಾಪಕ. ಬಟವಾಡೆ ತಡವಾಯಿತೇ? ಚಾನೆಲ್ಲಿನಿಂದ ಬಂದಿಲ್ಲ ಎನ್ನುತ್ತಾನೆ ನಿರ್ಮಾಪಕ. ಚಾನೆಲ್ಲನ್ನು ಕೇಳಿದರೆ, ಇವರು ನಮ್ಮ ನೌಕರರೇ ಅಲ್ಲ ಎನ್ನುತ್ತದೆ. ಗಿರಣಿಯಲ್ಲಿ ಕಂತ್ರಾಟುದಾರನನ್ನು ನಡುವೆ ನಿಲ್ಲಿಸಿ ಮಾಲೀಕ ಕೈತೊಳೆದುಕೊಳ್ಳುವ ಆಟವೇ ಇದು. ಬಣ್ಣ ಮಾತ್ರ ಬೇರೆ. ಮುಂಬಯಿಯ ಹಿಂದಿ ಧಾರಾವಾಹಿಗಳಲ್ಲಿ ದುಡಿದು 90 ದಿನ ಕಳೆದ ಮೇಲೆ ಹಣ ಎಂಬುದೇ ಪದ್ಧತಿಯಾಗಿ ಬೇರೂರಿದೆ. 2020ರ ಮಾರ್ಚಿನಲ್ಲಿ ಕೊರೋನಾದಿಂದ ಚಿತ್ರೀಕರಣ ನಿಂತಾಗ ದಿನಗೂಲಿಯ ತಂತ್ರಜ್ಞರು ಬೀದಿಗೆ ಬಿದ್ದರು. ‘ಕುಟುಂಬ’ದವರಿಗೆ ಆಗ ಸಿಕ್ಕಿದ್ದು ಹಕ್ಕಿನ ಸಂಬಳವಲ್ಲ, ದಾನದ ರೇಷನ್ ಚೀಲ.

ಇನ್ನು ಪ್ರಶಸ್ತಿಯ ಅಳತೆಗೋಲಿನ ಮಾತು. ನಮ್ಮ ಶಾಲೆಗಳಲ್ಲಿ ಬಹುಮಾನ ವಿತರಣೆ ನಡೆಯುತ್ತದೆ. ಮುಖ್ಯೋಪಾಧ್ಯಾಯರು ತಮ್ಮ ಮನೆಯ ಮಕ್ಕಳನ್ನು ಮಾತ್ರ ಓಟಕ್ಕೆ ನಿಲ್ಲಿಸಿ, ತಾವೇ ಸೀಟಿ ಊದಿ, ತಾವೇ ಮೊದಲನೆಯವನನ್ನು ಸಾರಿದರೆ ಊರವರು ಏನನ್ನುತ್ತಾರೆ? ಚಾನೆಲ್ಲಿನ ಪ್ರಶಸ್ತಿ ರಾತ್ರಿ ಇದಕ್ಕಿಂತ ಬೇರೆಯಲ್ಲ. ಸ್ಪರ್ಧೆಗೆ ನಿಲ್ಲುವುದು ಅದೇ ಚಾನೆಲ್ಲಿನ ಧಾರಾವಾಹಿಗಳು. ಏರ್ಪಡಿಸುವುದು ಅದೇ ಚಾನೆಲ್ಲು. ಪ್ರಸಾರ ಮಾಡಿ ಜಾಹೀರಾತಿನ ಹಣ ಎಣಿಸುವುದೂ ಅದೇ ಚಾನೆಲ್ಲು. ‘ಜನರೇ ಓಟು ಹಾಕುತ್ತಾರಲ್ಲ?’ ಎನ್ನುತ್ತಾರೆ. ಹುರಿಯಾಳುಗಳನ್ನು ಧಣಿಯೇ ಆರಿಸಿ, ಮತಪೆಟ್ಟಿಗೆಯ ಕೀಲಿಯನ್ನೂ ಧಣಿಯೇ ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆ ಅದು ಎಂಥ ಚುನಾವಣೆ?

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದುನಿಂತದ್ದು ಅಳತೆಯ ಪ್ರಶ್ನೆಯಿಂದಲೇ. ಗೇಣಿಯ ಭತ್ತ ಅಳೆಯುವ ಕೊಳಗ ಧಣಿಯ ಮನೆಯದು. ಅದು ನ್ಯಾಯವಾದ ಅಳತೆಗಿಂತ ದೊಡ್ಡದು. ಬೆವರು ಒಕ್ಕಲಿನದು, ಕೊಳಗ ಧಣಿಯದು. ಗೋಪಾಲಗೌಡರು ಮತ್ತು ಅವರ ಸಂಗಾತಿಗಳು ಆ ಹೋರಾಟದಲ್ಲಿ ದುಡಿದರು. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಇಂದು ಟೆಲಿವಿಷನ್ನಿನಲ್ಲಿ ಕೊಳಗದ ಹೆಸರು ಟಿ.ಆರ್.ಪಿ. ಅದನ್ನು ಅಳೆಯುವ ಬಾರ್ಕ್ ಎಂಬ ಸಂಸ್ಥೆಯಲ್ಲಿ 100ಕ್ಕೆ 60 ಪಾಲು ಪ್ರಸಾರಕರದು. ಉಳಿದ 40 ಜಾಹೀರಾತು ಕೊಡುವ ಕಂಪೆನಿಗಳು ಮತ್ತು ಜಾಹೀರಾತು ಏಜೆನ್ಸಿಗಳದು. ನೋಡುವವರಿಗಾಗಲಿ ದುಡಿಯುವವರಿಗಾಗಲಿ ಅಲ್ಲಿ ಒಂದು ಪಾಲೂ ಇಲ್ಲ. ಆ ಕೊಳಗದಲ್ಲಿ ಅಳತೆ ಕಡಿಮೆ ಬಂದರೆ ಧಾರಾವಾಹಿ ನಿಲ್ಲುತ್ತದೆ. ಅದರ ಯೂನಿಟ್ಟಿನವರು ಮರುದಿನವೇ ಕೆಲಸ ಹುಡುಕಬೇಕು.

ಬೇರೆ ಕಡೆ ಇದು ಹೇಗೆ ನಡೆಯುತ್ತದೆಂದು ಕೇಳುವವರಿಗೆ ಬಂಡವಾಳಶಾಹಿಯ ತವರಾದ ಅಮೇರಿಕದ ಉದಾಹರಣೆಯನ್ನೇ ಕೊಡುತ್ತೇವೆ. ಅಲ್ಲಿನ ಎಮ್ಮಿ ಪ್ರಶಸ್ತಿಯನ್ನು ಮೊದಲು ಕೊಟ್ಟದ್ದು 1949ರ ಜನವರಿ 25ರಂದು. ಆ ಹೆಸರು ಬಂದದ್ದು ಅತ್ತೆ ಸೊಸೆಯರಿಂದಲ್ಲ. ಆಗಿನ ಕ್ಯಾಮೆರಾದೊಳಗಿದ್ದ ಒಂದು ಗಾಜಿನ ಕೊಳವೆಗೆ ಕೆಲಸಗಾರರು ಇಟ್ಟುಕೊಂಡಿದ್ದ ಅಡ್ಡಹೆಸರಿನಿಂದ. ಅಂದರೆ ಅದು ದುಡಿಮೆಯ ಸಲಕರಣೆಯ ಹೆಸರು. ಕೊಡುವುದು ಯಾವುದೇ ಒಂದು ಚಾನೆಲ್ಲಲ್ಲ, ವೃತ್ತಿಯವರ ಅಕಾಡೆಮಿ. ಆಯಾ ಪ್ರಾಂತದ ಸ್ಥಳೀಯ ಟೆಲಿವಿಷನ್ನಿನವರಿಗೆ ಪ್ರಾದೇಶಿಕ ಎಮ್ಮಿಗಳೂ ಇವೆ; ಒಂದು ಪ್ರಾಂತದ ಕೆಲಸವನ್ನು ಬೇರೊಂದು ಪ್ರಾಂತದ ವೃತ್ತಿಬಾಂಧವರು ನೋಡಿ ತೀರ್ಪು ಕೊಡುತ್ತಾರೆ. ಕೊಳಗ ಧಣಿಯ ಕೈಯಲ್ಲಿಲ್ಲ ಎಂಬುದೇ ಇದರ ಅರ್ಥ. ಸಂಕಲನ, ಬೆಳಕು, ಶಬ್ದ, ಮೇಕಪ್ಪು, ಈ ಕೆಲಸಗಳಿಗೆಲ್ಲ ಅಲ್ಲಿ ಪ್ರಶಸ್ತಿಯುಂಟು.

ಅಮೇರಿಕದ ಧಣಿಗಳು ಧರ್ಮಾತ್ಮರೆಂದು ಇದರರ್ಥವಲ್ಲ. 2023ರ ಮೇ 2ರಂದು ಅಲ್ಲಿನ ಸಿನಿಮಾ ಮತ್ತು ಟೆಲಿವಿಷನ್ ಬರಹಗಾರರು ಮುಷ್ಕರ ಹೂಡಿದರು. 148 ದಿನ ಲೇಖನಿ ಮುಟ್ಟಲಿಲ್ಲ. ಜುಲೈ 14ರಂದು ನಟನಟಿಯರೂ ಸೇರಿದರು. ಅವರ ಮುಷ್ಕರ 118 ದಿನ ನಡೆಯಿತು. ಸೆಪ್ಟೆಂಬರಿನಲ್ಲಿ ನಡೆಯಬೇಕಿದ್ದ 75ನೆಯ ಎಮ್ಮಿ ಸಮಾರಂಭ ನಡೆಯಲೇ ಇಲ್ಲ. ಮುಷ್ಕರಗಳು ಮುಗಿದು ಒಪ್ಪಂದಗಳಾದ ಮೇಲೆ, 2024ರ ಜನವರಿ 15ರಂದು ಅದು ನಡೆಯಿತು. ಮೊದಲು ಕೂಲಿ, ಆಮೇಲೆ ಕಿರೀಟ! ಹೆಸರಾಂತ ನಟನಟಿಯರು ಸಾಲುನಿಂತು ಫಲಕ ಹಿಡಿದರು. ಗೊಂಬೆ ಹಿಡಿಯುವ ಕೈ ಫಲಕವನ್ನೂ ಹಿಡಿಯಬಲ್ಲದು ಎಂಬುದನ್ನು ನಮ್ಮ ಕಲಾವಿದ ಬಂಧುಗಳೂ ನೆನಪಿಡಬೇಕು.

ಈಗ ಊರಿನ ಲಾಭದ ಲೆಕ್ಕಕ್ಕೆ ಬರೋಣ. ವರ್ತಕ ಮಿತ್ರರೇ, ಈ ರಾತ್ರಿಯ ಪ್ರಾಯೋಜಕರು ಯಾರು? ಸಾಬೂನು, ಪೇಸ್ಟು, ಚಹಾಪುಡಿಯ ದೊಡ್ಡ ಕಂಪೆನಿಗಳು. ನಿಮ್ಮ ಅಂಗಡಿಯಲ್ಲಿ ಮಾರುವ ಸಾಬೂನಿನ ಬೆಲೆಯಲ್ಲೇ ಆ ವೇದಿಕೆಯ ದೀಪದ ಖರ್ಚೂ ಸೇರಿದೆ. ಅವೇ ಕಂಪೆನಿಗಳು ದೊಡ್ಡ ಸಗಟು ಮಳಿಗೆಗಳಿಗೂ ಆನ್‌ಲೈನ್ ವ್ಯಾಪಾರದವರಿಗೂ ಅಗ್ಗದಲ್ಲಿ ಸರಕು ಕೊಡುತ್ತವೆಂದು 2021ರ ಡಿಸೆಂಬರಿನಲ್ಲಿ ವಿತರಕರ ಅಖಿಲ ಭಾರತ ಸಂಘವೇ ಅಸಹಕಾರದ ಎಚ್ಚರಿಕೆ ಕೊಡಬೇಕಾಯಿತು. ಒಂದು ರಾತ್ರಿ ನಾಲ್ಕು ಚಹಾ ಹೆಚ್ಚು ಮಾರಿ, ವರ್ಷವಿಡೀ ಗಿರಾಕಿಯನ್ನು ಕಳೆದುಕೊಳ್ಳುವುದು ವ್ಯಾಪಾರವೇ? ಮೈದಾನಕ್ಕೆ ಬೇಲಿ ಬಿದ್ದಷ್ಟು ದಿನ ತಳ್ಳುಗಾಡಿಯವರು ಎಲ್ಲಿಗೆ ಹೋಗಬೇಕು?

ಮನೆಯಲ್ಲಿ ಕೂತು ನೋಡುವವನೂ ಪುಕ್ಕಟೆ ನೋಡುವುದಿಲ್ಲ. ಕೇಬಲ್ಲಿಗೋ ಡಿಷ್ಷಿಗೋ ತಿಂಗಳ ಬಾಡಿಗೆ, ಅದರ ಮೇಲೆ 100ಕ್ಕೆ 18ರಂತೆ ಜಿ.ಎಸ್.ಟಿ. ತೆರುತ್ತಾನೆ. ಕಾನೂನಿನ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಕೂಡದು. ಆದರೆ ಪ್ರಶಸ್ತಿ ರಾತ್ರಿಯಲ್ಲಿ ವೇದಿಕೆಯೇ ಜಾಹೀರಾತಾದ ಮೇಲೆ ನಿಮಿಷ ಎಣಿಸುವವರಾರು?

ಇಷ್ಟರ ಮೇಲೆ ಸಾರ್ವಜನಿಕ ಹಣವೂ ಬೇಕಂತೆ. ಇದು ಹೊಸ ರೋಗ. 2024ರ ಜನವರಿಯಲ್ಲಿ ಸಿನಿಮಾದವರ ಫಿಲ್ಮ್‌ಫೇರ್ ರಾತ್ರಿಗೆ ಗುಜರಾತ್ ಸರಕಾರದ ಪ್ರವಾಸೋದ್ಯಮ ನಿಗಮ ಜೊತೆಗೂಡಿತು. 2025ರ ಮಾರ್ಚಿನಲ್ಲಿ ಐಫಾ ಸಮಾರಂಭಕ್ಕೆ ಜೈಪುರದಲ್ಲಿ ರಾಜಸ್ಥಾನ ಸರಕಾರ ಆತಿಥ್ಯ ವಹಿಸಿತು. ಸರಕಾರಗಳ ಈ ಚಾಳಿ ಈಗ ಊರುಗಳಿಗೂ ಅಂಟಿಕೊಳ್ಳುತ್ತಿದೆ. ಕುಡಿಯುವ ನೀರು ದಿನ ಬಿಟ್ಟು ದಿನ ಬರುವ ಊರಿನಲ್ಲಿ, ಪೌರಕಾರ್ಮಿಕ ಸಂಬಳಕ್ಕಾಗಿ ಧರಣಿ ಕೂರುವ ಊರಿನಲ್ಲಿ, ದೇಶದ ಅತಿ ದೊಡ್ಡ ಶ್ರೀಮಂತರ ಚಾನೆಲ್ಲಿಗೆ ಶಾಮಿಯಾನ ಹಾಕಿಸುವುದು ಯಾವ ಧರ್ಮ?

ನಾವು ಬರಿದೆ ಬೇಡವೆನ್ನುವವರಲ್ಲ. ದಾರಿಯೂ ಇದೆ. 2024ರಲ್ಲಿ ಕರ್ನಾಟಕ ಶಾಸಕಾಂಗ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣದ ಕಾನೂನು ಮಾಡಿತು. ಸಿನಿಮಾ ಟಿಕೆಟ್ಟು ಮತ್ತು ಚಂದಾ ಹಣದ ಮೇಲೆ 100ಕ್ಕೆ 1ಕ್ಕೆ ಕಡಿಮೆಯಿಲ್ಲದೆ 2ಕ್ಕೆ ಮೀರದೆ ಸೆಸ್ ಎತ್ತಿ ಕಲ್ಯಾಣ ನಿಧಿ ಕಟ್ಟುವುದು ಅದರ ತಿರುಳು. ಇತ್ತ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳಿಗೆ ನಮ್ಮ ವಿರೋಧವಿದೆ. ಕಾರ್ಖಾನೆ ಮುಚ್ಚಲು ಸರಕಾರದ ಅನುಮತಿ ಬೇಕಾದ ಮಿತಿಯನ್ನು 100 ಕೆಲಸಗಾರರಿಂದ 300ಕ್ಕೆ ಏರಿಸಿದ ಸಂಹಿತೆ ಅವುಗಳಲ್ಲೊಂದು. ಆದರೆ ಟೆಲಿವಿಷನ್ನಿನಲ್ಲಿ ದುಡಿಯುವವರೊಡನೆ ಬರವಣಿಗೆಯಲ್ಲಿ ಕರಾರು ಆಗಬೇಕೆಂಬ ಮಾತು ಅದೇ ಸಂಹಿತೆಗಳಲ್ಲಿದೆ. ಕಾಗದದ ಮೇಲಿರುವುದನ್ನು ಕೈಗೆ ತರುವುದು ಸಂಘಟನೆಯ ಕೆಲಸ. ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. ಪ್ರಶಸ್ತಿ ರಾತ್ರಿಗೆ ನಗರಸಭೆಯ ಅಥವಾ ಸರಕಾರದ ಒಂದು ಪೈಯೂ ಸಲ್ಲಕೂಡದು. ಮೈದಾನ ಬೇಕಾದರೆ ಪೂರ್ತಿ ಬಾಡಿಗೆಯನ್ನು ಮುಂಗಡವಾಗಿ ಕಟ್ಟಲಿ. ಒಕ್ಕಲೆಬ್ಬಿಸಿದ ತಳ್ಳುಗಾಡಿಯವರಿಗೆ ನಷ್ಟ ತುಂಬಿಕೊಡಲಿ.

2. ಚಾನೆಲ್ಲುಗಳ ಧಾರಾವಾಹಿಗಳಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಬರೆದ ಕರಾರು, ಎಂಟು ಗಂಟೆಯ ದಿನ, ಹೆಚ್ಚು ದುಡಿಮೆಗೆ ಇಮ್ಮಡಿ ಕೂಲಿ ಸಿಗಬೇಕು. ಬಟವಾಡೆಯ ಹೊಣೆ ಚಾನೆಲ್ಲಿನ ಮೇಲೆಯೇ ಇರಬೇಕು.

3. 2024ರ ಕಾನೂನಿನ ಸೆಸ್ಸನ್ನು ಕಟ್ಟುನಿಟ್ಟಾಗಿ ಎತ್ತಬೇಕು. ಅದರ ನಿಧಿ ಟೆಲಿವಿಷನ್ ಕೆಲಸಗಾರರಿಗೂ ಮುಟ್ಟಬೇಕು.

4. ಪ್ರಶಸ್ತಿ ಕೊಡುವುದಾದರೆ ಎಲ್ಲ ಚಾನೆಲ್ಲುಗಳಿಗೂ ಸೇರಿದ, ಯಾವ ಚಾನೆಲ್ಲಿನ ಹಿಡಿತದಲ್ಲೂ ಇಲ್ಲದ ಸಮಿತಿ ಕೊಡಲಿ. ಅದರಲ್ಲಿ ಕೆಲಸಗಾರರ ಸಂಘದವರು ಕೂರಲಿ. ದೀಪ ಹೊತ್ತವನಿಗೂ ಅದೇ ವೇದಿಕೆಯ ಮೇಲೆ, ಅದೇ ಬೆಳಕಿನಲ್ಲಿ ಬಹುಮಾನ ಸಲ್ಲಲಿ.

ಈ ನಾಲ್ಕನ್ನು ಒಪ್ಪಿ ಬಂದರೆ ನಾವೇ ಊರಬಾಗಿಲಿಗೆ ತೋರಣ ಕಟ್ಟುತ್ತೇವೆ. ಒಪ್ಪದೆ ಬಂದರೆ, ವಾರ್ಡು ವಾರ್ಡಿನಲ್ಲಿ ಸಹಿ ಸಂಗ್ರಹಿಸಿ, ಠರಾವು ಸಭೆಗೆ ಬರುವ ದಿನ ನಗರಸಭೆಯ ಮುಂದೆ ಸೇರುತ್ತೇವೆ. ಗಿರಣಿ ಬಂಧುಗಳು, ಅಂಗಡಿಕಾರ ಮಿತ್ರರು, ಬೀದಿಬದಿಯ ವ್ಯಾಪಾರಿಗಳು ಪಕ್ಷದ ಕಚೇರಿಯಿಂದ ಸಹಿಯ ಹಾಳೆಗಳನ್ನು ಪಡೆದುಕೊಳ್ಳಬೇಕು. ಮೈದಾನ ಊರಿನದು, ಅದನ್ನು ಯಾರಿಗೆ ಕೊಡಬೇಕೆಂಬುದನ್ನು ಊರೇ ನಿರ್ಧರಿಸಲಿ.