ಮರದ ಮೇಲೆ ನಿಂತವರ ಲೆಕ್ಕ

ಅಡಿಕೆಯ ಕೊನೆ (ಗೊಂಚಲು) ಇಳಿಸುವ, 60 ಕಿಲೋ ತೂಕದ ಕೊನೆಗೌಡರೊಬ್ಬರು 50 ಅಡಿ ಎತ್ತರದ ಅಡಿಕೆ ಮರ ಹತ್ತಿದರೆ ಭೂಮಿಯ ಸೆಳೆತಕ್ಕೆ ಎದುರಾಗಿ ಅವರು ಮಾಡಿದ ಕೆಲಸ ಸುಮಾರು 9 ಕಿಲೋಜೂಲ್. ಸ್ನಾಯುಗಳು ತಾವು ಉರಿಸಿದ ಶಕ್ತಿಯಲ್ಲಿ ಕಾಲು ಪಾಲನ್ನಷ್ಟೇ ಕೆಲಸವಾಗಿಸುತ್ತವೆ ಎಂದು ಹಿಡಿದರೂ, ಅರ್ಧ ಚಮಚ ಸಕ್ಕರೆಯಲ್ಲಿ ಮುಗಿಯಬೇಕಾದ ಖರ್ಚು. ಹಾಗಾದರೆ ಸಂಜೆ ಚಹಾದ ಲೋಟ ಹಿಡಿದ ಅವರ ಕೈ ನಡುಗುವುದೇಕೆ?

ಹತ್ತುವುದಕ್ಕಿಂತ ಮೇಲೆ ನಿಲ್ಲುವುದೇ ಕಷ್ಟ. ವಸ್ತು ಕದಲದಿದ್ದರೆ ಭೌತಶಾಸ್ತ್ರದಲ್ಲಿ ಕೆಲಸ ಸೊನ್ನೆ. ದೇಹ ಆ ಲೆಕ್ಕ ಒಪ್ಪುವುದಿಲ್ಲ. ಹಗ್ಗದ ತಳೆ ತೊಟ್ಟ ಪಾದಗಳು ಮರವನ್ನು ಒತ್ತಿ ಹಿಡಿದಿರುವಷ್ಟು ಹೊತ್ತೂ ಮೀನಖಂಡ, ತೊಡೆ ಬಿಗಿದೇ ಇರುತ್ತವೆ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಅದುಮುತ್ತದೆ. ಆಮ್ಲಜನಕ ಹೆಚ್ಚು ಬೇಕಾದ ಹೊತ್ತಿನಲ್ಲೇ ರಕ್ತ ಕಡಿಮೆ. ಒತ್ತಡ ಏರಿಸಿ ರಕ್ತ ನೂಕಲು ಹೃದಯ ಹೆಣಗುತ್ತದೆ. ನಡೆಯುವಾಗ ಸ್ನಾಯು ಬಿಗಿದು ಸಡಿಲಾಗುತ್ತ ರಕ್ತವನ್ನು ತಾನೇ ಮುಂದೆ ತಳ್ಳುತ್ತದೆ. ಮರದ ಮೇಲೆ ಆ ಸಡಿಲಿಕೆ ಇಲ್ಲ.

ಮಳೆಗಾಲದ ಕತೆ ಇನ್ನೂ ಕಠಿಣ. ಕೊಳೆರೋಗಕ್ಕೆ ಮದ್ದು ಹೊಡೆಯುವುದು ಆಗಲೇ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣ ಹೊಡೆಯಲು ಕಲಿಸಿದರು. ಆ ದ್ರಾವಣದ ಮೈಲುತುತ್ತ, ಸುಣ್ಣ ತೋಟವನ್ನು ಉಳಿಸಿದವು ಎನ್ನುತ್ತೇವೆ, ಅವನ್ನು ಮೇಲಕ್ಕೆ ಒಯ್ದ ಕಾಲುಗಳನ್ನು ನೆನೆಯುವುದಿಲ್ಲ. ಪಾಚಿಗಟ್ಟಿದ ಒದ್ದೆ ಮರದಲ್ಲಿ ಘರ್ಷಣೆ ಕಡಿಮೆ, ಹಾಗಾಗಿ ಇನ್ನಷ್ಟು ಬಲವಾಗಿ ಒತ್ತಿ ಹಿಡಿಯಬೇಕು. ಒಂದು ಕೈಯಲ್ಲಿ ಮದ್ದಿನ ಪೈಪು, ಹಿಂದಕ್ಕೆ ಬಾಗಿದ ಕತ್ತು, ಮುಖದ ಮೇಲೆ ತೊಟ್ಟಿಕ್ಕುವ ನೀಲಿ ನೀರು. ಮರದಿಂದ ಮರಕ್ಕೆ ತೂಗಿ ದಾಟುವ ಅಪ್ಪಟ ಕಸುಬುದಾರರು ಹತ್ತಿಳಿಯುವ ಶ್ರಮ ಉಳಿಸುತ್ತಾರೆ ನಿಜ. ನೆಲ ಮುಟ್ಟಿ ಕಾಲು ಸಡಿಲಿಸುವ ಗಳಿಗೆಯೂ ಅದರ ಜೊತೆಗೇ ಹೋಗುತ್ತದೆ.

ಈಗ ನೆಲದಲ್ಲೇ ನಿಂತು ಕೆಲಸ ಮಾಡಲು ಕಾರ್ಬನ್ ಫೈಬರ್ ದೋಟಿ ಬಂದಿದೆ. ಬೀಳುವ ಭಯ ಹೋಯಿತು, ಅದು ಸಣ್ಣ ಮಾತಲ್ಲ. ಆದರೂ ದಿನವಿಡೀ ಮೇಲೆ ನೋಡುತ್ತ ಉದ್ದದ ದೋಟಿಯನ್ನು ನೆಟ್ಟಗೆ ಹಿಡಿಯುವವರ ಭುಜ, ಕತ್ತಿಗೆ ಆ ಬಿಗಿತ ದಾಟಿಕೊಂಡಿದೆ.

ಕೂಲಿ ಮರದ ಲೆಕ್ಕದಲ್ಲೋ ಕೊನೆಯ ಲೆಕ್ಕದಲ್ಲೋ ಆದಾಗ ಕುಳಿತ ಹೊತ್ತೆಲ್ಲ ನಷ್ಟ. ಹಾಗಾಗಿ ಕಾಲು ಸೋತರೂ ಇನ್ನೊಂದು ಮರ ಹತ್ತುತ್ತಾರೆ. ಸೋತ ಸ್ನಾಯುವಿಗೆ ಬಿಡುವು ಕೊಡುವ ಹತ್ತು ನಿಮಿಷಕ್ಕೂ ಕೂಲಿ ಸಲ್ಲಬೇಕು. ಕೊನೆಗೌಡರು ಸಿಗುತ್ತಿಲ್ಲ ಎಂದು ಗೋಳಾಡುವ ತೋಟದವರಿಗೆ ಇದು ದುಬಾರಿ ಎನಿಸಲಾರದು.